ಜೋಡಿ ಗೀಟು

ಮೊರದಾಗಿನ ಹರಳು ನನಗ ಕಾಣತದ.
ತೊಗರಿ ಬ್ಯಾಳಿಯೊಳಗ ತೊಗರಿ ಬಣ್ಣದ್ದೇ ಹರಳು,
ಮಿಲ್ಲಿನಾಗ ಇಪ್ಪತ್ತು ಹೆಂಗಸರು ಬಿಟ್ಟಿದ್ದು
ನನ್ನ ಉಗುರಿಗಿ ಸಿಗತದ.
ಎದ್ದು ನಿಂತರ ಮಾತ್ರ
ಬಾಗಲದಾಗಿನ ಹಮಾಲ ಕಾಣಂಗಿಲ್ಲ,
ಅವನ ಹೆಗಲ ಮ್ಯಾಲಿನ ಚೀಲ ಕಾಣಂಗಿಲ್ಲ.
ಢಿಕ್ಕಿ ಹೊಡದ ಮ್ಯಾಲೆ "ಕಣ್ಣು ಎಲ್ಲಿಟ್ಟಿ?" ಅಂತಾನ.
ಇಲ್ಲೇ ಅವ ಅಂತ ಹ್ಯಾಂಗ ಹೇಳಲಿ?
ಸೂಜಿಗಿ ದಾರ ಪೋಣಿಸೋ ಕಣ್ಣು
ಅಡ್ಡ ಬಂದ ಎಮ್ಮಿ ನೋಡಲಿಲ್ಲ ಅಂದ್ರ
ಯಾರು ನಂಬತಾರ?
"ನಾಟಕ," ಅಂದಳು ಮುಕಾದಮನ ಹೆಂಡತಿ.
ನನಗೂ ಎಷ್ಟೋ ದಿನ ಹಂಗೇ ಅನಸಿತ್ತು.

ಕಲಬುರಗಿ ದೊಡ್ಡ ದವಾಖಾನ್ಯಾಗ
ಬಿಳಿ ಬೋಗುಣಿಯಂಥದರ ಎದುರಿಗಿ ಗದ್ದ ಇಡಿಸಿದರು.
ಬೆಳಕಿನ ಚುಕ್ಕಿ ಕಂಡಾಗೊಮ್ಮೆ ಗುಂಡಿ ಒತ್ತಬೇಕಂತ.
ಒತ್ತಿದೆ, ನಾಕೈದು ಸಲ.
ಆಮ್ಯಾಲೆ ಭಾಳ ಹೊತ್ತು ಏನೂ ಬರಲಿಲ್ಲ.
"ಮಿಷನ್ ಕೆಟ್ಟದೇನ್ರಿ?" ಅಂದೆ.
ಹುಡುಗಿ ನಕ್ಕಳು. ಹಾಳಿ ಹೊರಗ ಬಂದ ಮ್ಯಾಲೆ ನಗಲಿಲ್ಲ.

ಡಾಕ್ಟರಮ್ಮ ಇನ್ನೊಂದು ಹಾಳಿ ತಗೊಂಡರು.
ಗಂಡಸರಿಗಿ ಚೌಕ, ಹೆಂಗಸರಿಗಿ ಗುಂಡು.
ಅಪ್ಪ ಚೌಕ, ಅವ್ವ ಗುಂಡು, ನಡುವ ಒಂದು ಗೀಟು ಎಳದು
"ಒಳಗಿನ ಸಂಬಂಧ ಏನ್ರಿ?" ಅಂದರು.
ಅವ್ವ ಹೆಮ್ಮಿಲೆ ಹೇಳಿದಳು:
"ಹೊರಗಿನವ್ರು ಯಾಕ್ರಿ? ನನ್ನ ಸ್ವಂತ ಸೋದರಮಾವ."
ಗೀಟಿನ ಕೆಳಗ ಇನ್ನೊಂದು ಗೀಟು ಬಂತು.
ಮುತ್ಯಾ, ಆಯಿ? ಅವರೂ ಅತ್ತಿ ಮಗಳು, ಮಾವನ ಮಗ.
ಮತ್ತ ಜೋಡಿ ಗೀಟು.
ಬಂಗಾರ ಹೊರಗ ಹೋಗಬಾರದಂತ,
ಹೊಲ ತುಂಡಾಗಬಾರದಂತ ಎಳದ ಗೀಟಿನ ಗುಂಟ
ಇದೂ ನಡಕೋತ ಬಂದಿತ್ತು,
ಯಾರೂ ಎಣಿಸದ ಆಸ್ತಿ.

"ಮನ್ಯಾಗ ಮತ್ಯಾರಿಗರೆ ಇರುಳಗಣ್ಣು?"
"ಯಾರಿಗೂ ಇಲ್ರಿ," ಅವ್ವ ಪಟ್ಟನ ಅಂದಳು.
ಡಾಕ್ಟರಮ್ಮ ಪೆನ್ನು ಹಿಡಕೊಂಡು ಸುಮ್ಮನ ಕುಂತರು.
ಗೋಡಿ ಫ್ಯಾನು ಈ ಕಡಿಗಿ ಬಂತು, ಆ ಕಡಿಗಿ ಹೋತು.

ಆಗ ನೆನಪಾದ ಅಂಬಾರಾಯ ಮುತ್ಯಾ.
ಹೊತ್ತು ಮುಣಗಿದ ಮ್ಯಾಲೆ ಗೋಡಿ ಸವರಕೋತ ಬರತಿದ್ದ,
ಕುಡುಕ ಅಂತ ಓಣಿಗೆಲ್ಲ ಹೆಸರು.
ಬಾವ್ಯಾಗ ಬಿದ್ದು ಸತ್ತಾಗ
ಕುಡದಿದ್ದ ಅಂತೇ ಮಣ್ಣು ಕೊಟ್ಟರು.
ಆಯಿ ಬಗ್ಗಿ ಅವನ ಬಾಯಿ ಮೂಸಿದ್ದಳಂತ:
ಬರೇ ಎಲಿ-ಅಡಕಿ ವಾಸನಿ.
ಹೇಳಿದರ ಯಾರು ಕೇಳತಿದ್ದರು?

ಸೂಗಮ್ಮತ್ತಿ. ಸೊಕ್ಕಿನಾಕಿ.
ಎದುರಿಗಿ ಬಂದವರಿಗಿ ಶರಣು ಅನ್ನಂಗಿಲ್ಲ,
ಕೊಟ್ಟ ಚಹಾ ತಗೊಳ್ಳಂಗಿಲ್ಲ,
ಎರಡು ಸಲ ಗಂಡನ ಮನಿಯವರು ತಿರುಗಿ ಕಳಿಸಿದರು.
ಚಾಚಿದ ಕೈ ಆಕಿಗಿ ಕಂಡಿರಲಿಲ್ಲ.
ಅಷ್ಟೇ.

ಹೇಳಿದೆ. ಅವ್ವ ಸೆರಗು ಬಾಯಿಗಿ ಒತ್ತಿಕೊಂಡಳು.
ಒಂದು ಚೌಕಕ್ಕ ಮಸಿ ತುಂಬಿದರು, ಒಂದು ಗುಂಡಿಗಿ,
ಆಮ್ಯಾಲೆ ನನ್ನ ಗುಂಡಿಗಿ.
ಐವತ್ತು ವರ್ಷಕ್ಕ ಮೊದಲನೇ ಸಲ
ಅಂಬಾರಾಯ ಮುತ್ಯಾ ಹೋಷಿನ್ಯಾಗ ಇದ್ದ.

ಆಳಂದ ಬಸ್ಸು ಹತ್ತುವಾಗ ಅವ್ವ ಮೊಳಕೈ ಹಿಡದಳು.
"ಮೆಟ್ಟಲ ಅದ, ಹಗೂರಕ," ಅಂದಳು.
ನಾ ಎಡವಿದಾಗೆಲ್ಲ ಬೈದದ್ದು ಅದೇ ಬಾಯಿ.

ಸದ್ಯಾ ದವಾ ಇಲ್ಲ ಅಂದಾರ.
ಆ "ಸದ್ಯಾ" ಅನ್ನೋದೊಂದು
ಸೆರಗಿನ ತುದಿಗಿ ಗಂಟು ಹಾಕೊಂಡೀನಿ.

ಮಗಳಿಗಿ ಎಂಟು ವರ್ಷ.
ಆಕಿ ಅಪ್ಪ ಸೂಗಮ್ಮತ್ತಿ ಹಡದವ.
ಆ ಗೀಟು ನನ್ನ ಕೊಳ್ಳಾಗೇ ಅದ.
ದಿನಾ ಸಂಜಿಗಿ, ಲೈಟು ಹಾಕೋಕಿಂತ ಮೊದಲ,
ಅಂಗಳದಾಗ ಒಂದು ಪಿನ್ನು ಬೀಳಸತೀನಿ.
"ಭಾಗ್ಯಾ, ಹುಡಕವ್ವ," ಅಂತೀನಿ.
ಆಕಿ ಬಗ್ಗತಾಳ. ನಾ ಉಸಿರು ಹಿಡೀತೀನಿ.
ನಿನ್ನಿ ಲಗೂನೇ ಸಿಕ್ಕಿತು.
ಮೊನ್ನಿ ತಡ ಆತು. ಮಾಡ ಇತ್ತೇನೋ,
ಇಲ್ಲಾ ಆಟದ ಮ್ಯಾಲೆ ಲಕ್ಷ್ಯ ಇತ್ತೇನೋ.
ಇವತ್ತ ನಕ್ಕಳು:
"ಯವ್ವಾ, ನಿನ್ನ ಕಾಲಬಲ್ಲೇ ಬಿದ್ದದಲ್ಲ!
ದಿನಾ ಎಷ್ಟು ಕಳಕೋತಿ ನೀ."